ಬಸಳೆ ತಂದ ಮಲಕವ್ವ

ಮಲಕವ್ವನಿಗೆ ಆ ಶನಿವಾರ ಇದ್ದದ್ದು ಒಂದೇ ಒಂದು ಸ್ವಂತ ಕೆಲಸ. ಹೊತ್ತು ಮುಳುಗುವುದರೊಳಗೆ ಮಾದನಾಯಕನಹಳ್ಳಿಗೆ ಹೋಗಿ, ಬಸುರಿ ಮಗಳ ಮುಂದೆ ಬಯಕೆಯ ಬುತ್ತಿ ಬಿಚ್ಚುವುದು. ಮಿಕ್ಕಿದ್ದೆಲ್ಲ ಕಂಡವರ ಮನೆಯ ಕೆಲಸ. ಕಂಡವರ ಮನೆಯ ಕೆಲಸ ಮುಗಿಯಿತು ಅಂತ ಯಾರಾದರೂ ಹೇಳಿದ್ದನ್ನು ಅವಳಂತೂ ಕೇಳಿರಲಿಲ್ಲ.

ಮಗಳು ಸವಿತಾಗೆ ಏಳು ತಿಂಗಳು ತುಂಬುತ್ತಿತ್ತು. ಮೂರನೆಯ ತಿಂಗಳಿಗೆ ನಿಲ್ಲಬೇಕಾದ ವಾಂತಿ ಇನ್ನೂ ನಿಂತಿರಲಿಲ್ಲ. ಅನ್ನದ ಗಂಜಿ ಉಕ್ಕಿದರೆ ಆಗದು, ಒಗ್ಗರಣೆ ಚಟಪಟ ಅಂದರೆ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡುತ್ತಾಳೆ. ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಕೂಸು ಬೆಳೆದಿಲ್ಲ, ಇವಳಿಗೆ ಏನಾದರೂ ತಿನ್ನಿಸಿ ಅಂದಿದ್ದರು. ಆ "ಏನಾದರೂ" ಅನ್ನುವ ಮಾತು ಮಲಕವ್ವನ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತ್ತು. ಮೂರು ಮನೆಗೆ ಅಡುಗೆ ಮಾಡಿಹಾಕುವವಳ ಮಗಳ ಹೊಟ್ಟೆಗೆ ಹಿಡಿಸುವಂಥದ್ದು ಏನೂ ಇಲ್ಲವೆಂದರೆ ಏನು ಹೇಳಬೇಕು? ತವರಿನ ಬುತ್ತಿ ಬಿಚ್ಚಿದಾಗ ಬಸುರಿಯ ಬಾಯಿ ಬಿಚ್ಚುತ್ತದೆ ಅಂತ ಅವಳ ಅವ್ವ ಹುನಗುಂದದ ಕಡೆಯ ಊರಿನಲ್ಲಿ ಹೇಳುತ್ತಿದ್ದಳು. ಮಲಕವ್ವ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲ.

ಗಂಡ ಸೋಮಪ್ಪ ಸೆಂಟ್ರಿಂಗ್ ಕೆಲಸಕ್ಕೆಂದು ಹೆಬ್ಬಗೋಡಿಯ ಕಡೆ ಇದ್ದವನು ವಾರಕ್ಕೊಮ್ಮೆ ಬರುತ್ತಿದ್ದ. ಬಯಕೆಯ ಬುತ್ತಿ ಹೆಂಗಸರ ಕೆಲಸ, ಅವನು ಇದ್ದರೂ ಒಂದೇ, ಇರದಿದ್ದರೂ ಒಂದೇ. ದೊಡ್ಡನೆಕ್ಕುಂದಿಯ ಕಾರ್ಖಾನೆಗಳ ಹಿಂದಿನ ಶೀಟ್ ಮನೆಯಲ್ಲಿ ಅವಳು ಕತ್ತಲಿರುವಾಗಲೇ ಎದ್ದು ಹೋಳಿಗೆ ತಟ್ಟಿದಳು, ಕರಿಗಡಬು ಕರಿದಳು, ಎಣ್ಣೆಗಾಯಿ ಮಾಡಿದಳು, ತೆಳ್ಳಗಿನ ಜೋಳದ ರೊಟ್ಟಿ ಬಡಿದಳು, ಮೊಸರನ್ನ ಕಲಸಿದಳು. ಎಲ್ಲವನ್ನೂ ಸ್ಟೀಲ್ ಡಬ್ಬಿಗೆ ತುಂಬಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ, ಹಸಿರು ಸೀರೆಯ ಜೊತೆ ಚೀಲಕ್ಕಿಟ್ಟುಕೊಂಡು ಕೆಲಸಕ್ಕೇ ಹೊರಟಳು. ಮಧ್ಯಾಹ್ನ ಅಲ್ಲಿಂದಲೇ ನೇರ ಮಗಳ ಮನೆಗೆ ಹೋಗುವ ಲೆಕ್ಕ. ಬಡವರ ಲೆಕ್ಕ ಯಾವಾಗಲೂ ಸರಿಯಾಗಿಯೇ ಇರುತ್ತದೆ, ನಡುವೆ ಯಾರೂ ಕೈ ಹಾಕದಿದ್ದರೆ.

ಆ ದಿನ ಅಡುಗೆಗೆ ಹೊರಟಿದ್ದ ಮನೆಯ ರಕ್ಷಿತಾ ಮೇಡಂ ಹತ್ತಿರ ಅವಳು ಮುಂಚೆಯೇ ಕೇಳಿದ್ದಳು. "ಶನಿವಾರ ಮಧ್ಯಾಹ್ನ ಮಗಳ ಮನಿಗಿ ಹೋಗ್ಬೇಕ್ರಿ ಮೇಡಂ" ಅಂದಾಗ ರಕ್ಷಿತಾ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅಯ್ಯೋ, ಹೋಗಿ ಮಲಕವ್ವ, ಇದಕ್ಕೆಲ್ಲ ಕೇಳ್ಬೇಕಾ?" ಅಂದಿದ್ದಳು. ಒಳ್ಳೆಯ ಹುಡುಗಿ. ಮರೆಯುವುದರಲ್ಲೂ ಒಳ್ಳೆಯವಳೇ. ಗಂಡ ಈರೇಶನಿಗೆ ಪ್ರಮೋಷನ್ ಬಂತು, ಆಫೀಸಿನವರನ್ನೆಲ್ಲ ಶನಿವಾರ ಸಂಜೆ ಮನೆಗೆ ಕರೆದದ್ದಾಯಿತು, ಮಲಕವ್ವನ ಮಾತು ತಲೆಯಿಂದ ಹಾರಿಹೋಯಿತು. ಮಲಕವ್ವ ನೆನಪಿಸಲೂ ಇಲ್ಲ. ಒಮ್ಮೆ ಬಾಯಿ ಬಿಟ್ಟು ಕೇಳಿದ್ದನ್ನು ಮತ್ತೆ ಕೇಳುವುದು ಅವಳಿಗೆ ಬೇಡಿಕೊಂಡ ಹಾಗೆ ಆಗುತ್ತಿತ್ತು. ಬಯಕೆ, ಬುತ್ತಿ ಅನ್ನುವ ಮಾತನ್ನಂತೂ ಆ ಮನೆಯಲ್ಲಿ ಎತ್ತಿರಲಿಲ್ಲ. ಮೊದಲೇ ಮಗಳು ಸೊರಗಿದ್ದಾಳೆ, ನಾಲ್ಕು ಜನರ ಕಣ್ಣು ಯಾಕೆ ಅಂತ ಹೆದರಿಕೆ.

ಬೆಳಿಗ್ಗೆ ದಾರಿಯಲ್ಲಿದ್ದಾಗ ಫೋನ್ ಬಂತು. ಪಕ್ಕದಲ್ಲೇ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯುತ್ತಿತ್ತು.

"ಮಲಕವ್ವ, ಬರೋವಾಗ ಗೇಟ್ ಎದುರು ಸೊಪ್ಪಿನ ಅಂಗಡೀಲಿ ಬೇಸಿಲ್ ಎರಡು ಕಟ್ಟು ತಗೊಂಡ್ಬನ್ನಿ. ಡಿಪ್ ಮಾಡ್ಬೇಕು."

"ಏನ್ರಿ? ಬಸಳಿ?"

"ಹಾಂ, ಹಾಂ, ಬೇಸಿಲ್. ಫ್ರೆಶ್ ಇರೋದು ನೋಡಿ."

ಡಿಪ್ ಅಂದರೆ ದಾರ ಕಟ್ಟಿದ ಚಹಾದ ಚೀಲ ಅಂತಷ್ಟೇ ಮಲಕವ್ವನಿಗೆ ಗೊತ್ತಿತ್ತು. ಬಸಳೆ ಮಾತ್ರ ಚೆನ್ನಾಗಿ ಗೊತ್ತು. ಅಂಗಡಿಯಲ್ಲಿ ದಪ್ಪ ಎಲೆಯ, ಬಗ್ಗಿಸಿದರೆ ಪಟಕ್ಕನೆ ಮುರಿಯುವ ಎರಡು ಕಟ್ಟು ಬಸಳೆ ಆರಿಸಿ ತಂದಳು. ಅಷ್ಟು ಚೆಂದದ ಬಸಳೆ ದೊಡ್ಡನೆಕ್ಕುಂದಿಯಲ್ಲಿ ಸಿಗುವುದೇ ಅಪರೂಪ.

ಮನೆಯಲ್ಲಿ ರಕ್ಷಿತಾ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಅದರಲ್ಲಿ ಮುಖವಿಲ್ಲ, ಮಾತಿಲ್ಲ, ಉಗುರಿಗೆ ಬಣ್ಣ ಹಚ್ಚಿದ ಎರಡು ಕೈ ಮತ್ತು ಕುಣಿಯುವ ಸಂಗೀತ. ಕೈಗಳು ಟೊಮ್ಯಾಟೊ ಸೀಳಿ ಬೀಜ ತೆಗೆದವು, ಬಿಳಿಯ ಕೆನೆಯಂಥದ್ದಕ್ಕೆ ಬೆರೆಸಿದವು, ಬೆಳ್ಳುಳ್ಳಿ ತುರಿದವು, ಹಸಿರು ಎಲೆ ಹರಿದು ಹಾಕಿದವು, ಮೇಲೆ ಎಣ್ಣೆ ಬಿಟ್ಟವು. "ನೋಡ್ಕೊಂಡ್ರಲ್ಲಾ? ತುಂಬಾ ಈಜಿ. ಮೊಸರು ನಿನ್ನೇನೆ ಬಟ್ಟೇಲಿ ಕಟ್ಟಿ ಇಟ್ಟಿದೀನಿ. ನಂಗೊಂದು ಕಾಲ್ ಇದೆ" ಅಂತ ರಕ್ಷಿತಾ ಕೋಣೆಯ ಬಾಗಿಲು ಹಾಕಿಕೊಂಡಳು.

ಆ ಮನೆಯ ಅಡುಗೆಗೆ ಒಂದು ಕಟ್ಟಳೆ ಇತ್ತು. ಈರೇಶನ ತಾಯಿ ಗೌರಮ್ಮ ದಾವಣಗೆರೆಯವರು, ಲಿಂಗಪೂಜೆಯ ಹೆಂಗಸು. ಪೂಜೆಯಾಗಿ ಅವರು ಎಡೆ ಹಿಡಿಯುವವರೆಗೆ ಅಡುಗೆ ಮೀಸಲು. ಅಲ್ಲಿಯವರೆಗೆ ಯಾರೂ ಬಾಯಿಗೆ ಹಾಕಿ ನೋಡುವಂತಿಲ್ಲ. ಮಲಕವ್ವ ಕೆಲಸಕ್ಕೆ ಸೇರಿದ ದಿನವೇ ಇದನ್ನು ಹೇಳಿದ್ದರು, ಮಲಕವ್ವನೂ ಒಪ್ಪಿದ್ದಳು. ಆಮೇಲೆ ಅದು ಎಷ್ಟು ರೂಢಿಯಾಯಿತೆಂದರೆ, ಎಡೆ ಆದಮೇಲೂ ಆ ಮನೆಯ ಪಾತ್ರೆಗೆ ಬೆರಳಿಟ್ಟು ನೆಕ್ಕಬೇಕೆಂದು ಅವಳಿಗೆ ಅನ್ನಿಸುತ್ತಿರಲಿಲ್ಲ. ಸಾರಿನ ಹದ ಮೂಗಿಗೆ ತಿಳಿಯುತ್ತಿತ್ತು, ಉಪ್ಪಿನ ಅಳತೆ ಬೆರಳಿಗೆ ತಿಳಿಯುತ್ತಿತ್ತು. ಆದರೆ ಯಾವತ್ತೂ ತಿನ್ನದ, ಕೇಳದ, ಕಾಣದ ತಿನಿಸಿನ ಹದವನ್ನು ಯಾವ ಮೂಗು ಹೇಳಬೇಕು?

ವಿಡಿಯೋದ ಕೈ ಹೇಗೆ ತೋರಿಸಿತೋ ಹಾಗೆ ಮಾಡಿದಳು. ಟೊಮ್ಯಾಟೊದ ಬೀಜ ತೆಗೆದು ಸಣ್ಣಗೆ ಹೆಚ್ಚಿ, ಉಪ್ಪು ಹಚ್ಚಿ ನೀರು ಹಿಂಡಿದಳು. ನೀರು ಇಳಿದ ಗಟ್ಟಿ ಮೊಸರಿಗೆ ಕೆನೆ ಸೇರಿಸಿ ಕಡೆದಳು. ಬಸಳೆಯ ಎಲೆ ಹರಿದು ಹರಿದು ಹಾಕಿ ಚಮಚ ಆಡಿಸಿದಳು. ಅಲ್ಲಿಯತನಕ ಎಲ್ಲ ಸರಿ ಇತ್ತು. ಆಡಿಸಿದಂತೆಲ್ಲ ಬಸಳೆ ತನ್ನ ಗುಣ ತೋರಿಸಿತು. ಲೋಳೆ ಬಿಟ್ಟಿತು. ಚಮಚ ಎತ್ತಿದರೆ ಮೊಳದುದ್ದ ದಾರ ಎಳೆಯತೊಡಗಿತು. ಮಲಕವ್ವ ಒಂದು ಗಳಿಗೆ ಅನುಮಾನಿಸಿದಳು. ಇದಕ್ಕಿಂತ ವಿಚಿತ್ರವಾದದ್ದನ್ನು ಈ ಮನೆಯವರು ರಟ್ಟಿನ ಡಬ್ಬಿಯಲ್ಲಿ ತರಿಸಿಕೊಂಡು ಕಣ್ಣು ಮುಚ್ಚಿ ತಿಂದದ್ದನ್ನು ಅವಳು ನೋಡಿದ್ದಳು. ಇರಬಹುದು, ಇವರಿಗೆ ಹೀಗೇ ಬೇಕಿರಬಹುದು. ಬಟ್ಟಲು ಫ್ರಿಜ್ಜಿಗೆ ಇಟ್ಟು, ಮಿಕ್ಕ ಅಡುಗೆ ಮುಗಿಸಿ, ಕಟ್ಟೆ ಒರೆಸಿ, ಮುಖ ತೊಳೆದುಕೊಂಡು ಬಟ್ಟೆ ಒಗೆಯುವ ಮಷಿನಿನ ಪಕ್ಕದಲ್ಲಿಟ್ಟಿದ್ದ ಚೀಲ ಎತ್ತಿಕೊಂಡಳು. ಬಿಸಿಲು ಇನ್ನೂ ಚೆನ್ನಾಗಿ ನೆತ್ತಿಯ ಹತ್ತಿರವೇ ಇತ್ತು.

ಅಷ್ಟರಲ್ಲಿ ರಕ್ಷಿತಾ ಫ್ರಿಜ್ ತೆರೆದಳು.

ಬೈದಿದ್ದರೆ ಮಲಕವ್ವ ತಡೆದುಕೊಳ್ಳುತ್ತಿದ್ದಳು. ಬೈಗುಳ ಅವಳಿಗೆ ಹೊಸದಲ್ಲ. ರಕ್ಷಿತಾ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಬೇಸಿಲ್ ಕಣ್ರೀ ಮಲಕವ್ವ! ಬೇಸಿಲ್ ಅಂದ್ರೆ... ಅಯ್ಯೋ ದೇವ್ರೇ, ಬಸಳೆ ಹಾಕ್ಬಿಟ್ಟಿದೀರಾ!" ಚಮಚ ಎತ್ತಿ, ಎಳೆಯುವ ದಾರದ ಫೋಟೋ ತೆಗೆದು ಗೆಳತಿಯರಿಗೆ ಕಳಿಸಿದಳು. ಒಡನೆಯೇ ಫೋನು ಟಿಣ್ ಟಿಣ್ ಅಂತ ಮರುನಗೆ ತರತೊಡಗಿತು. ಅದರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ, ನಿಜ. ಆದರೆ ಕತ್ತಲಲ್ಲಿ ಎದ್ದವಳಿಗೆ ಆ ಟಿಣ್ ಟಿಣ್ ಒಂದೊಂದೂ ಕಿವಿಗೆ ಚುಚ್ಚಿದ ಹಾಗಾಯಿತು. ಮಲಕವ್ವನೂ ಹಲ್ಲು ಬಿಟ್ಟಳು. ನಗುವವರ ಎದುರು ನಗದಿದ್ದರೆ ಅದೂ ಒಂದು ತಪ್ಪು.

"ಪರವಾಗಿಲ್ಲ ಬಿಡಿ. ಇನ್ನೊಂದ್ಸಲ ಮಾಡಿಬಿಟ್ಟು ಹೋಗಿ, ಪ್ಲೀಸ್. ಇವತ್ತಿನ ಸ್ಟಾರ್ಟರ್‌ನಲ್ಲಿ ಇದೇ ಮೇನ್. ಮೊಸರು, ಬೇಸಿಲ್ ಎರಡೂ ಆರ್ಡರ್ ಮಾಡ್ತೀನಿ, ಹತ್ತೇ ನಿಮಿಷ."

ಮಲಕವ್ವ ಚೀಲ ಕೆಳಗಿಟ್ಟಳು.

ಹತ್ತು ನಿಮಿಷ ಅನ್ನುವುದು ಬೆಂಗಳೂರಿನ ಫೋನುಗಳು ಹೇಳುವ ಸುಳ್ಳು. ಮೊಸರು ಬಂತು, ಬೇಸಿಲ್ ಬರಲಿಲ್ಲ. ಮೊದಲು ಅಂಗಡಿಯಲ್ಲಿ ಮುಗಿದಿದೆ ಅಂದರು. ಬೇರೆ ಕಡೆಯಿಂದ ತರಿಸಿದರೆ ತಂದವನು ಪಕ್ಕದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತಿದ್ದ. ಅಂಗಡಿಯ ಮೊಸರು ನೀರಾಗಿತ್ತು, ಅದನ್ನು ಬಟ್ಟೆಗೆ ಹಾಕಿ ನಲ್ಲಿಗೆ ಕಟ್ಟಬೇಕಾಯಿತು. ತೊಟ್ಟು ತೊಟ್ಟಾಗಿ ಸಿಂಕಿಗೆ ಬೀಳುವ ನೀರನ್ನು ನೋಡುತ್ತ ಮಲಕವ್ವ ನಿಂತಳು. ಕೂರಲು ಮನಸ್ಸಾಗಲಿಲ್ಲ, ಕೂತರೆ ಏಳುವುದು ಕಷ್ಟವೆಂದು ಮೊಣಕಾಲು ಹೇಳುತ್ತಿತ್ತು. ಅಂಗಾಲು ಉರಿಯುತ್ತಿತ್ತು, ಕಣ್ಣೊಳಗೆ ಉಸುಕು ಬಿದ್ದಂತಿತ್ತು. ಬಾಲ್ಕನಿಯ ಟೈಲ್ಸ್ ಮೇಲಿನ ಬಿಸಿಲು ಮಷಿನನ್ನು ದಾಟಿ ಗೋಡೆ ಏರತೊಡಗಿತ್ತು. ಆ ಬಿಸಿಲಿನ ಮೇಲೆ ಅವಳಿಗೆ ಬಂದಷ್ಟು ಸಿಟ್ಟು ಆಗ ಬೇರೆ ಯಾರ ಮೇಲೂ ಬರಲಿಲ್ಲ.

ಮಧ್ಯಾಹ್ನದ ನಿದ್ದೆ ಮುಗಿಸಿ ಗೌರಮ್ಮ ಅಡುಗೆಮನೆಗೆ ಬಂದರು. ಲೋಳೆಯ ಬಟ್ಟಲು ನೋಡಿ, ನಡೆದದ್ದು ಕೇಳಿ, ಅವರು ನಗಲಿಲ್ಲ.

"ಅದನ್ನ ಚೆಲ್ಲಬೇಡ ಮತ್ತೆ. ಒಂದು ಒಗ್ಗರಣೆ ಕೊಡು, ರಾತ್ರಿ ಅನ್ನಕ್ಕೆ ಕಲಸ್ಕೊಂಡು ನಾನು ಉಣ್ತೀನಿ. ಬಸಳೆ ಏನು ಪಾಪ ಮಾಡಿತ್ತು?" ಅಂದರು. ಆಮೇಲೆ ಕಣ್ಣು ಮಷಿನಿನ ಪಕ್ಕಕ್ಕೆ ಹೋಯಿತು. ಚೀಲದ ಬಾಯಿಂದ ಹಸಿರು ಸೀರೆಯ ಅಂಚು, ಬಿಳಿ ಗಂಟು ಇಣುಕುತ್ತಿದ್ದವು. ಅಷ್ಟು ವಯಸ್ಸಿನ ಹೆಂಗಸಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮಗಳಿಗಾ?"

"ಹೌದ್ರಿ ಅಮ್ಮಾರ."

"ಎಷ್ಟರಲ್ಲಿ?"

"ಏಳ್ರಿ. ಹೊತ್ತು ಮುಣಗೂದ್ರಾಗ ಉಡಿ ತುಂಬ್ಬೇಕಂತ ಅವರತ್ತಿ ಹೇಳ್ಯಾರ್ರಿ. ಹುಡುಗಿ ಏನೂ ಉಣವಲ್ದು. ನನ್ನ ಕೈಲೆ ಒಂದ ತುತ್ತು ಉಂಡೀತು ಅಂತ..." ಅನ್ನುತ್ತ ಮಲಕವ್ವ ಮೊಸರಿನ ಗಂಟನ್ನು ಮತ್ತೊಮ್ಮೆ ಹಿಂಡಿದಳು.

ಗೌರಮ್ಮ ಹಣೆ ಹಣೆ ಬಡಿದುಕೊಂಡರು. "ಥೂ ನಿನ್ನ! ಬುತ್ತಿ ಕಟ್ಕೊಂಡು ಬಂದು ಇಲ್ಲಿ ಮೊಸರು ಸೋಸ್ತಾ ನಿಂತಿದ್ದೀಯಲ್ಲೇ. ಬಾಯಿ ಇಲ್ಲವಾ ನಿಂಗೆ? ರಕ್ಷಿತಾ! ಏ ರಕ್ಷಿತಾ!"

ರಕ್ಷಿತಾ ಬಂದಳು, ಕೇಳಿದಳು. ಮುಖ ಸಣ್ಣದಾಯಿತು. "ಅಯ್ಯೋ, ನೀವು ಹೇಳಿದ್ರಿ ಅಲ್ವಾ... ನಂಗೆ ಪೂರ್ತಿ ಮರ್ತೇಹೋಯ್ತು. ಸಾರಿ ಮಲಕವ್ವ, ನಿಜವಾಗ್ಲೂ ಸಾರಿ. ಕ್ಯಾಬ್ ಬುಕ್ ಮಾಡ್ಲಾ?" ಅಂದಳು. ಫೋನ್ ನೋಡಿ, ರಿಂಗ್ ರೋಡ್ ಪೂರ್ತಿ ಕೆಂಪಗಿದೆ, ಮೆಟ್ರೋನೇ ಬೇಗ ಅಂತ ಅವಳೇ ಹೇಳಿದಳು. ಅವಳ ಕಣ್ಣಿನಲ್ಲಿ ನೀರೂ ಆಡಿತು. ಆದರೆ ಡಿಪ್ಪಿಗೆಂದು ತೆಗೆದಿಟ್ಟ ಹೊಸ ಬಟ್ಟಲು ಇನ್ನೂ ಖಾಲಿಯಿತ್ತು, ಸಂಜೆಗೆ ಜನ ಬರುವವರಿದ್ದರು. ಸಾರಿಯನ್ನೂ ಕೇಳಿದ್ದಾಯಿತು, ಡಿಪ್ಪೂ ಬೇಕಾಯಿತು. ದೊಡ್ಡವರ ಮನೆಯ ಪಶ್ಚಾತ್ತಾಪ ಹಾಗೆಯೇ, ಅದಕ್ಕೂ ಅಡುಗೆಯವಳು ಬೇಕು.

ಬೇಸಿಲ್ ಬಂದದ್ದು ಅದೇ ಹೊತ್ತಿಗೆ. ಪ್ಲಾಸ್ಟಿಕ್ ಬಿಡಿಸಿದ ಕೂಡಲೇ ಅಡುಗೆಮನೆಯ ಗಾಳಿಯೇ ಬೇರೆಯಾಯಿತು. ತುಳಸಿಯ ಖಾರವಲ್ಲ, ಪುದೀನದ ತಂಪಲ್ಲ, ಎರಡರ ನಡುವಿನ ಒಂದು ಸಿಹಿ ವಾಸನೆ. ಗೌರಮ್ಮ ಒಂದು ಕುಡಿ ಎತ್ತಿ ಮೂಸಿದರು. "ಇದು ಕಾಮಕಸ್ತೂರಿ ಅಲ್ಲೇನೇ! ನಮ್ಮ ಅಜ್ಜಿ ಮಲ್ಲಿಗೆ ಜೊತೆ ಕಟ್ಟಿ ಮುಡಿಯೋರು. ಇದನ್ನ ತಿಂತಾರಾ?" ಅಂತ ಸೊಸೆಯನ್ನು ಕೇಳಿದರು. ಆಮೇಲೆ ತಾವೇ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಟೊಮ್ಯಾಟೊ ಹೆಚ್ಚಲು ಕೂತರು. ಹೆಚ್ಚುವ ಅಭ್ಯಾಸ ತಪ್ಪಿ ಹೋಗಿತ್ತು, ತುಂಡುಗಳು ಒಂದೊಂದು ಒಂದೊಂದು ಅಳತೆಯಾದವು. ಮಲಕವ್ವ ಅವನ್ನೇ ಮತ್ತೆ ಸಣ್ಣಗೆ ಮಾಡಿಕೊಂಡಳು.

ಈ ಸಲ ಮೊಸರು ಅಷ್ಟು ಗಟ್ಟಿಯಾಗಿರಲಿಲ್ಲ, ಕೆನೆ ಹೆಚ್ಚು ಹಾಕಿ ಸರಿಮಾಡಿದಳು. ಬೆಳ್ಳುಳ್ಳಿ ತುರಿದು ಹಾಕಿದಳು, ಕಾಳುಮೆಣಸು ಕುಟ್ಟಿ ಹಾಕಿದಳು, ಉಪ್ಪು ಬೆರಳಿಗೆ ಬಂದಷ್ಟು. ಕೊನೆಗೆ ಆ ಎಲೆ. ಚಾಕು ತಗಲಿದರೆ ಕಪ್ಪಾಗುತ್ತದೆ ಅಂತ ರಕ್ಷಿತಾ ಹೇಳಿದ್ದರಿಂದ ಇಡೀ ಕಟ್ಟನ್ನೇ ಕೈಯಿಂದ ಹರಿದಳು. ಆಲಿವ್ ಎಣ್ಣೆ ಬಿಟ್ಟುಕೊಂಡು ಅಂಗೈಯಲ್ಲೇ ತಿಕ್ಕಿ ಬಟ್ಟಲಿಗೆ ಸೇರಿಸಿದಳು. ಕೆಂಪು, ಬಿಳಿ, ಹಸಿರು ಬೆರೆತು ವಿಡಿಯೋದಲ್ಲಿ ಕಂಡದ್ದೇ ಬಟ್ಟಲಲ್ಲಿ ಕೂತಿತು.

"ಟೇಸ್ಟ್ ನೋಡಿ ಮಲಕವ್ವ."

"ಬ್ಯಾಡ್ರಿ, ನೀವ ನೋಡ್ರಿ."

ರಕ್ಷಿತಾ ಚಿಪ್ಸ್ ಒಂದನ್ನು ಅದ್ದಿ ತಿಂದು, ಅರ್ಧ ಕಚ್ಚಿದ್ದನ್ನೇ ಮತ್ತೆ ಅದ್ದಿ ತಿಂದು, "ಸೂಪರ್! ನಂಬೋಕಾಗ್ತಿಲ್ಲ" ಅಂದಳು. ಬಾಗಿಲವರೆಗೂ ಬಂದು, "ಉಳಿದ್ರೆ ನಿಮ್ಗೂ ಎತ್ತಿಡ್ತೀನಿ, ನಾಳೆ ತಗೊಂಡ್ಹೋಗಿ" ಅಂತ ಕೂಗಿದಳು. ಗೌರಮ್ಮ ಒಳಗಿನಿಂದ ಒಂದು ಕುಪ್ಪಸದ ಕಣ, ತೆಂಗಿನಕಾಯಿ, ಮುಷ್ಟಿ ಅಕ್ಕಿ ತಂದು ಮಲಕವ್ವನ ಚೀಲಕ್ಕೆ ಹಾಕಿದರು. "ನನ್ನ ಹೆಸರಲ್ಲೂ ಉಡಿ ತುಂಬು. ಓಡು." ಮಲಕವ್ವ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಓಡಿದಳು. ಲಿಫ್ಟಿನಿಂದ ಸೆಂಟು ಹಚ್ಚಿಕೊಂಡ ಮೊದಲ ಅತಿಥಿಗಳು ಇಳಿಯುತ್ತಿದ್ದರು.

ಮೆಟ್ರೋದಲ್ಲಿ ಚೀಲವನ್ನು ಮಷಿನಿಗೆ ಹಾಕಿದ ಗಾರ್ಡ್ ಹುಡುಗಿ ಡಬ್ಬಿ ಬಿಚ್ಚಿ ಅಂದಳು. "ಬಯಕಿ ಬುತ್ತಿ ಐತವಾ, ಬಸುರಿ ಮುಂದ ಬಿಚ್ಚೂದು ಅದು" ಅಂತ ಮಲಕವ್ವ ಬೇಡಿಕೊಂಡಳು. ಆ ಹುಡುಗಿ ಯಾವ ಊರಿನವಳೋ, ಒಂದು ಕ್ಷಣ ಅವಳ ಮುಖ ನೋಡಿ ಹೋಗಿ ಅಂತ ಕೈಸನ್ನೆ ಮಾಡಿದಳು. ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲಕ್ಕೆ ಕುಕ್ಕರಿಸಲು ಹೋದರೆ ಯಾರೋ ಏಳಿಸಿದರು. ಡಬ್ಬಿಯನ್ನು ಎದೆಗೆ ಅವುಚಿಕೊಂಡು, ಕಂಬಕ್ಕೆ ಹಣೆ ಕೊಟ್ಟು, ನಿಂತಲ್ಲೇ ತೂಕಡಿಸಿದಳು. ಮೆಜೆಸ್ಟಿಕ್ಕಿನಲ್ಲಿ ಇಳಿದು, ಹತ್ತಿ, ಮತ್ತೆ ಇಳಿದು ಹಸಿರು ಗೆರೆಯ ರೈಲು ಹಿಡಿದಳು. ಪೀಣ್ಯದ ಮೇಲೆ ರೈಲು ಹೋಗುವಾಗ ಕಿಟಕಿಯಲ್ಲಿ ಕಾರ್ಖಾನೆಗಳ ಶೀಟುಗಳು ಕೆಂಪಗೆ ಹೊಳೆಯುತ್ತಿದ್ದವು. ಸೂರ್ಯ ಅವುಗಳ ಹಿಂದೆ ಅರ್ಧ ಇಳಿದಿದ್ದ. ತಡಿಯೋ ಮಾರಾಯ, ಒಂದು ಗಳಿಗೆ ತಡಿ ಅಂತ ಅವಳು ಬಾಯಿಬಿಟ್ಟೇ ಹೇಳಿದಳು. ಪಕ್ಕದವನು ತನಗೆ ಅಂದಳೆಂದು ತಿಳಿದು ಜರುಗಿ ನಿಂತ. ಸೂರ್ಯ ಮಾತ್ರ ತಡೆಯಲಿಲ್ಲ.

ಮಾದಾವರ ಸ್ಟೇಷನ್ನಿನ ಕೆಳಗೆ ಅಳಿಯ ಹಣಮಂತ ಬೈಕ್ ಹಿಡಿದು ನಿಂತಿದ್ದ. ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸ ಅವನದು, ಮಾತು ಕಡಿಮೆ. "ಅತ್ತಿ, ಉಡಿ ತುಂಬೂದು ಆತ್ರಿ" ಅಂದ, ತಪ್ಪು ತನ್ನದೇ ಅನ್ನುವ ಹಾಗೆ. "ಬೆಳಕಿರೂದ್ರಾಗ ಆಗ್ಬೇಕಂತ ಅವ್ವ ಅವಸರ ಮಾಡಿದ್ಲು. ಊಟ ಮಾತ್ರ ಮಾಡಿಲ್ರಿ ಆಕಿ. ನೀವು ಬರೂತನಕ ಒಲ್ಲೆ ಅಂದಾಳ."

ಮಲಕವ್ವ ಬೈಕ್ ಹತ್ತಿದಳು. ಅಳಬೇಕೆಂದು ಅನ್ನಿಸಿತು. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕು, ಅದು ಅವಳಲ್ಲಿ ಇರಲಿಲ್ಲ.

ಮನೆಯ ಬಾಗಿಲಲ್ಲಿ ನೆರೆಯ ಹೆಂಗಸರು ಎಲೆಅಡಿಕೆ ತೆಗೆದುಕೊಂಡು ಹೊರಡುತ್ತಿದ್ದರು. "ಬರ್ರಿ ಬೀಗತೇರ, ಊರಿಂದ ಬರೋರೇ ಮೊದಲ ಬಂದ್ರು, ಬೆಂಗಳೂರಾಗಿದ್ದವ್ರಿಗೆ ಇಷ್ಟೊತ್ತಾತು" ಅಂದಳು ಹಣಮಂತನ ತಾಯಿ. ಒಳಗೆ ಗೋಡೆಗೆ ಒರಗಿ ಸವಿತಾ ಕೂತಿದ್ದಳು. ಮೊಣಕೈತನಕ ಹಸಿರು ಬಳೆ. ಬಳೆಗಳೇ ದಪ್ಪ ಕಾಣುತ್ತಿದ್ದವು, ಕೈಗಳಲ್ಲ. ಕೆನ್ನೆ ಒಳಸೇರಿತ್ತು. "ಯವ್ವಾ, ಬಂದೇನು" ಅಂದಳು, ಅಷ್ಟೇ.

ಮಲಕವ್ವ ಕಾಲು ತೊಳೆದು, ಗೌರಮ್ಮನ ಹೆಸರಿನ ಉಡಿಯನ್ನೂ ತನ್ನ ಉಡಿಯನ್ನೂ ಒಟ್ಟಿಗೆ ತುಂಬಿ, ಮಗಳ ಮುಂದೆ ಕೂತು ಗಂಟು ಬಿಚ್ಚಿದಳು. ಹೋಳಿಗೆಯ ತುಪ್ಪದ ವಾಸನೆ ಎದ್ದಿತು. ಸವಿತಾ ಮುಖ ತಿರುಗಿಸಿದಳು. ಎಣ್ಣೆಗಾಯಿಯ ಮುಚ್ಚಳ ತೆಗೆದದ್ದೇ ತಡ, ಬಾಯಿಗೆ ಸೆರಗು ಹೋಯಿತು.

"ಒಂದ ತುತ್ತು, ನನ್ನವ್ವ. ನನ್ನ ಸಲವಾಗಿ."

"ಒಲ್ಯಾ ಯವ್ವಾ. ಆಗವಲ್ದು."

ಬೀಗಿತಿ ನಿಟ್ಟುಸಿರು ಬಿಟ್ಟಳು. ಮಲಕವ್ವ ಜೋಳದ ರೊಟ್ಟಿಯ ಚೂರೊಂದನ್ನು ಮೊಸರನ್ನಕ್ಕೆ ಅದ್ದಿ ಮಗಳ ಬಾಯಿಯ ಹತ್ತಿರ ಹಿಡಿದಳು. ಸವಿತಾ ಅದನ್ನು ದೂಡಲೆಂದು ತಾಯಿಯ ಮಣಿಕಟ್ಟು ಹಿಡಿದಳು. ದೂಡಲಿಲ್ಲ. ಮೂಗು ಅರಳಿತು. ತುತ್ತು ಬದಿಗಿರಿಸಿ ತಾಯಿಯ ಅಂಗೈಯನ್ನು ಮುಖಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದಳು.

"ಇದೇನ ವಾಸನಿ ಯವ್ವಾ?"

"ಎಲ್ಲೀದು?"

"ನಿನ್ನ ಕೈಯಂದು. ಏನ ಮಾಡಿದ್ದಿ? ನನಗ ಅದ ಬೇಕು."

ಮಲಕವ್ವ ಕೈ ಮೂಸಿ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಹಸಿರು ಇನ್ನೂ ಇತ್ತು. ಕತ್ತಲಲ್ಲಿ ಎದ್ದು ಐದು ಥರ ಮಾಡಿದ್ದಳು, ಮಗಳು ಕೇಳಿದ್ದು ಅದರಲ್ಲಿ ಯಾವುದನ್ನೂ ಅಲ್ಲ. ಯಾವುದರಿಂದ ತಡವಾಯಿತೋ, ಯಾವುದರಿಂದ ನಗೆಪಾಟಲಾದಳೋ, ಅದನ್ನು. "ಟಮಾಟಿ, ಮೊಸರು, ಒಂದು ಸೊಪ್ಪು ಹಾಕಿ ಮಾಡೂದವಾ. ಮೇಡಂ ಮನ್ಯಾಗ ಪಾರ್ಟಿ ಇತ್ತು. ಉಳದ್ರ ನಾಳೆ..." ಅಂದವಳು ಅಲ್ಲಿಗೇ ನಿಲ್ಲಿಸಿದಳು.

ಉಳಿದರೆ. ಆ ಹೊತ್ತಿಗೆ ಬಟ್ಟಲಿನ ಸುತ್ತ ಜನ ನಿಂತಿರುತ್ತಾರೆ. ಕಚ್ಚಿದ್ದನ್ನೇ ಮತ್ತೆ ಅದ್ದುತ್ತಾರೆ, ಮಾತಾಡುತ್ತ ಅದ್ದುತ್ತಾರೆ, ನಗುತ್ತ ಅದ್ದುತ್ತಾರೆ. ಬಸಳೆಯ ಕಥೆಯೂ ಅದರ ಜೊತೆಗೆ ಖರ್ಚಾಗುತ್ತಿರುತ್ತದೆ. ಅವರ ಎಂಜಲು ಅವರಿಗೆ ರುಚಿ, ಇರಲಿ. ಆದರೆ ತನ್ನ ಮಗಳ ಬಯಕೆ ಅದರ ತಳದಲ್ಲಿ ಉಳಿದದ್ದರಿಂದ ತೀರಬೇಕೇ? ಮಲಕವ್ವನಿಗೆ ಆ ದಿನ ಮೊದಲ ಸಲ ಮನುಷ್ಯರ ಮೇಲೆ ಸಿಟ್ಟು ಬಂತು. ಗೋಡೆ ಹಿಡಿದು ಎದ್ದಳು. ಮೊಣಕಾಲು ಕಟಕ್ ಅಂದಿತು.

"ಬೀಗತೇರ, ಟಮಾಟಿ ಅದಾವೇನ್ರಿ? ಹಣಮಂತಪ್ಪ, ಗಟ್ಟಿ ಮೊಸರಿನ ಪಾಕೀಟ ತಾರಪ್ಪ."

"ಆ ಸೊಪ್ಪ ಎಲ್ಲಿಂದ ತರ್ತೀರಿ ಈಗ?" ಬೀಗಿತಿ ಕೇಳಿದಳು.

"ಕೈಯಾಗ ಐತ್ರಿ" ಅಂದಳು ಮಲಕವ್ವ.

ಟೊಮ್ಯಾಟೊದ ಬೀಜ ತೆಗೆದಳು, ಹೆಚ್ಚಿದಳು, ಹಿಂಡಿದಳು. ಮೊಸರನ್ನು ಬಿಳಿ ಅರಿವೆಗೆ ಹಾಕಿ ಎರಡೂ ಕೈಯಿಂದ ಬಿಗಿಯಾಗಿ ತಿರುವಿ ನೀರು ಇಳಿಸಿದಳು. ಬೀಗಿತಿ ಚಮಚ ಕೊಡಲು ಬಂದರೆ ಬೇಡವೆಂದಳು. ಬಟ್ಟಲಿಗೆ ಕೈಯಿಟ್ಟು ಅಂಗೈಯಿಂದಲೇ ಕಲಸಿದಳು. ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ, ಉಗುರಿನ ಸಂದಿಯದನ್ನೂ ಬಿಡದೆ, ಆ ಕೈಯಲ್ಲಿ ಇದ್ದಷ್ಟನ್ನೂ ಮೊಸರಿಗೆ ಇಳಿಸಲು ನೋಡಿದಳು. ಒಗ್ಗರಣೆಯಿಲ್ಲ, ಬೆಂಕಿಯಿಲ್ಲ, ಹೊಗೆಯಿಲ್ಲ. ರೊಟ್ಟಿಯ ಚೂರಿಗೆ ಹಚ್ಚಿ ಕೊಟ್ಟಳು.

ಸವಿತಾ ಮೂಸಿದಳು. ತಿಂದಳು. ಎಲ್ಲರೂ ಬಾಗಿಲ ಕಡೆ ನೋಡಿದರು, ಓಡುತ್ತಾಳೆಂದು. ಓಡಲಿಲ್ಲ. ಇನ್ನೊಂದು ಚೂರನ್ನು ತಾನೇ ಮುರಿದುಕೊಂಡಳು. ಆಮೇಲೆ ಮತ್ತೊಂದು. ರೊಟ್ಟಿ ಅರ್ಧವಾಯಿತು, ಮುಗಿಯಿತು. ಹಣಮಂತ ಬಾಗಿಲಲ್ಲಿ ನಿಂತವನು ಮುಖ ಆಚೆ ತಿರುಗಿಸಿಕೊಂಡು ಮೂಗು ಒರೆಸಿಕೊಂಡ.

"ಅಲ್ಲೂ ಹಿಂಗ ಇತ್ತೇನ ಯವ್ವಾ?" ಸವಿತಾ ಬಾಯಿ ತುಂಬ ಇಟ್ಟುಕೊಂಡೇ ಕೇಳಿದಳು.

"ನನಗೇನ ಗೊತ್ತವಾ. ನಾ ತಿಂದಿಲ್ಲ."

"ಹಾಂ? ನೀ ಮಾಡಿ ನೀ ತಿಂದಿಲ್ಲ?" ಸವಿತಾ ತಾನು ಕಚ್ಚಿದ ರೊಟ್ಟಿಯನ್ನೇ ಬಟ್ಟಲಿಗೆ ಅದ್ದಿ ತಾಯಿಯ ಬಾಯಿಗೆ ಇಟ್ಟಳು. ತಂಪು, ಹುಳಿ, ಹಿಂದೆಲ್ಲೋ ಮುಡಿದ ಹೂವಿನ ವಾಸನೆ. ಮಲಕವ್ವ ನಿಧಾನಕ್ಕೆ ಅಗಿದಳು. ಬೆಳಗಿನಿಂದ ಅವಳ ಹೊಟ್ಟೆಗೆ ಬಿದ್ದ ಮೊದಲ ತುತ್ತು ಅದು. ಅದು ಅವಳಿಗೂ ಆಗಲೇ ಗೊತ್ತಾದದ್ದು.

ಬಟ್ಟಲು ಖಾಲಿಯಾದಮೇಲೆ ಸವಿತಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಹಾಗೇ ನಿದ್ದೆ ಹೋದಳು. ಬೀಗಿತಿ ತಂಬಿಗೆಯಲ್ಲಿ ನೀರು ತಂದು ಪಕ್ಕದಲ್ಲಿ ಕೂತಳು. ಅವಳ ದನಿಯ ಮೊನೆ ಮುರಿದಿತ್ತು.

"ಕೈ ತೊಳಕೊಳ್ರಿ ಬೀಗತೇರ. ಭಾಳ ದಣದೀರಿ. ನೀವೂ ಒಂದೀಟು ಉಣ್ರಿ."

ಮಲಕವ್ವ ಎಡಗೈಯಲ್ಲಿ ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು. ಬಲಗೈಯನ್ನು ಮಾತ್ರ ತೊಳೆಯಲಿಲ್ಲ.

"ಇರ್ಲಿ ಬಿಡ್ರಿ" ಅಂದಳು. "ನಸುಕಿನ್ಯಾಗ ಹುಡುಗಿ ಮತ್ತ ಬೇಕಂದ್ರ?"